ತಣಿದಷ್ಟೂ ಏರಬೇಕಾದ ವಾಹಕತ್ವ ನಡುವೆ ಕುಸಿಯುವುದೇಕೆ? ಜೋಡಿ ಕ್ವಾಂಟಂ ಚುಕ್ಕೆಗಳ ಬಗ್ಗೆ ಒಂದು ಪ್ರಶ್ನೆ

ಬದಿಯಡ್ಕದ ವಿದ್ಯಾರ್ಥಿನಿ (ಶನಿವಾರ, ಸಂಜೆ 6:40)

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಭೌತಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಒಂದಕ್ಕೊಂದು ಜೋಡಿಸಿದ ಎರಡು ಕ್ವಾಂಟಂ ಚುಕ್ಕೆಗಳಲ್ಲಿ ಅತಿ ಕಡಿಮೆ ತಾಪಮಾನದಲ್ಲಿ ಎಲೆಕ್ಟ್ರಾನುಗಳು ಹೇಗೆ ವರ್ತಿಸುತ್ತವೆ ಎಂಬುದು ನನ್ನ ಪ್ರಾಜೆಕ್ಟಿನ ವಿಷಯ. ಮುಂದಿನ ತಿಂಗಳು ನಮ್ಮೂರ ವಾಚನಾಲಯದಲ್ಲಿ ಇದರ ಬಗ್ಗೆ ಕನ್ನಡದಲ್ಲಿ ಮಾತನಾಡಲು ಒಪ್ಪಿಕೊಂಡಿದ್ದೇನೆ.

ಕ್ವಾಂಟಂ ಚುಕ್ಕೆ ಎಂದರೆ ಇಲ್ಲಿ ನಾನು ಹೇಳುತ್ತಿರುವುದು ಗ್ಯಾಲಿಯಂ ಆರ್ಸೆನೈಡ್ ಹರಳಿನೊಳಗೆ, ಮೇಲ್ಮೈಯಿಂದ ಸುಮಾರು 100 ನ್ಯಾನೋಮೀಟರ್ ಕೆಳಗೆ ಇರುವ ಎಲೆಕ್ಟ್ರಾನುಗಳ ತೆಳು ಪದರದಲ್ಲಿ, ಮೇಲಿನ ಲೋಹದ ಗೇಟುಗಳಿಗೆ ಋಣ ವೋಲ್ಟೇಜು ಕೊಟ್ಟು ಆವರಿಸಿದ ಪುಟ್ಟ ಜಾಗ. ಅದರಲ್ಲಿ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎಣಿಸಿ ಇಡಬಹುದು.

ನನ್ನ ತೊಡಕು ಹೀಗಿದೆ. ಬೆಸ ಸಂಖ್ಯೆಯ ಎಲೆಕ್ಟ್ರಾನುಗಳಿರುವ ಒಂಟಿ ಚುಕ್ಕೆಯನ್ನು ತಣಿಸುತ್ತ ಹೋದರೆ, ಕೊಂಡೊ ಪರಿಣಾಮದಿಂದಾಗಿ (ಚುಕ್ಕೆಯ ಬಿಡಿ ಎಲೆಕ್ಟ್ರಾನ್ ಹೊರಗಿನ ಎಲೆಕ್ಟ್ರಾನುಗಳೊಂದಿಗೆ ಕೂಡಿಕೊಳ್ಳುವುದರಿಂದ) ಅದರ ಮೂಲಕ ವಿದ್ಯುತ್ತು ಹರಿಯುವುದು, ಅಂದರೆ ವಾಹಕತ್ವ, ಹೆಚ್ಚುತ್ತದೆ ಎಂದು ಓದಿದ್ದೇನೆ, ನನ್ನ ಲೆಕ್ಕದಲ್ಲೂ ಹಾಗೆಯೇ ಬಂದಿದೆ. ಆದರೆ ಎರಡನೆಯ ಚುಕ್ಕೆಯನ್ನು ಸೇರಿಸಿದ ಕೂಡಲೇ ರೇಖೆ ಮೊದಲು ಏರಿ, ಆಮೇಲೆ ಇನ್ನೂ ತಣಿಸಿದಾಗ ಕುಸಿಯುತ್ತದೆ. ಕಂಪ್ಯೂಟರ್ ಕಾರ್ಯಕ್ರಮ ಬರೆದದ್ದರಲ್ಲಿ ತಪ್ಪಿದೆಯೋ ಎಂದು ಎರಡು ವಾರ ಹುಡುಕಿದೆ, ಸಿಗಲಿಲ್ಲ. ಮನೆಯಲ್ಲಿ ರೇಖೆಯನ್ನು ನೋಡಿದ ಅಪ್ಪ, "ಚಳಿ ಎಲೆಕ್ಟ್ರಾನನ್ನು ಕಟ್ಟಿಹಾಕುತ್ತದೋ ಬಿಡಿಸುತ್ತದೋ, ಅದನ್ನು ಮೊದಲು ಹೇಳು" ಎಂದರು. ನನಗೆ ಉತ್ತರ ಹೇಳಲಾಗಲಿಲ್ಲ.

ಉಪ್ಪಳದ ಓದುಗ

2023ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಕ್ವಾಂಟಂ ಚುಕ್ಕೆಗಳಿಗೇ ಅಲ್ಲವೇ? ಟಿ.ವಿ. ಪರದೆಗಳಲ್ಲಿ ಬಣ್ಣ ಕೊಡಲು ಅವನ್ನು ಬಳಸುತ್ತಾರೆ, ಅವುಗಳಿಗೆ ಇಂಥ ಚಳಿಯೇನೂ ಬೇಕಾಗಿಲ್ಲವಲ್ಲ.

ಪೆರ್ಲದ ನಿವೃತ್ತ ಅಧ್ಯಾಪಕ

ಹೆಸರು ಒಂದೇ, ವಸ್ತು ಬೇರೆ. ಬಾವೆಂಡಿ, ಬ್ರೂಸ್ ಮತ್ತು ಎಕಿಮೊವ್ ಅವರಿಗೆ ನೊಬೆಲ್ ದೊರೆತದ್ದು ಕೆಲವೇ ನ್ಯಾನೋಮೀಟರ್ ಗಾತ್ರದ ಹರಳುಗಳಿಗಾಗಿ. ಜಾಗ ಅಷ್ಟು ಇಕ್ಕಟ್ಟಾದಾಗ ಶಕ್ತಿಯ ಮಟ್ಟಗಳ ನಡುವಿನ ಅಂತರ ಬಹಳ ದೊಡ್ಡದಾಗುತ್ತದೆ, ಆದುದರಿಂದ ಕೋಣೆಯ ಬಿಸಿ ಅವನ್ನು ಕಲಕಲಾರದು. ನಮ್ಮ ವಿದ್ಯಾರ್ಥಿನಿ ಹೇಳುವ ಚುಕ್ಕೆ ನೂರು ನ್ಯಾನೋಮೀಟರಿನ ಆಸುಪಾಸಿನದು, ಅಲ್ಲಿ ಅಂತರಗಳು ತೀರ ಸಣ್ಣವು. ಬಿಸಿಯ ಗದ್ದಲ ಅದಕ್ಕಿಂತ ತಗ್ಗಿದರೆ ಮಾತ್ರ ಅವು ಕಾಣಿಸುತ್ತವೆ.

ಕುಂಬಳೆಯಿಂದ

ತಂಗಿ, ನಿಮ್ಮ ಕಾರ್ಯಕ್ರಮದಲ್ಲಿ ತಪ್ಪಿರಲಾರದು. ನಾನು ಕೆಲವು ವರ್ಷ ಹೊರದೇಶದ ಒಂದು ಶೀತ ಪ್ರಯೋಗಾಲಯದಲ್ಲಿ ಈ ಅಳತೆಗಳನ್ನೇ ಮಾಡಿದವನು, ಈಗ ಊರಿನಲ್ಲಿದ್ದೇನೆ. ಮೊದಲು ಶಕ್ತಿಗಳನ್ನು ಒಂದೇ ಅಳತೆಗೋಲಿನಲ್ಲಿ ಇಟ್ಟು ನೋಡೋಣ.

ಕೋಣೆಯ ತಾಪಮಾನದಲ್ಲಿ ಬಿಸಿಯ ಶಕ್ತಿ ಸುಮಾರು 26 ಮಿಲಿ ಎಲೆಕ್ಟ್ರಾನ್ ವೋಲ್ಟ್. ದ್ರವ ಹೀಲಿಯಂ ಕುದಿಯುವ 4.2 ಕೆಲ್ವಿನ್‌ನಲ್ಲಿ ಅದು 0.36 ಮಿಲಿ ಎಲೆಕ್ಟ್ರಾನ್ ವೋಲ್ಟ್. 50 ಮಿಲಿಕೆಲ್ವಿನ್‌ನಲ್ಲಿ ಬರಿಯ 4.3 ಮೈಕ್ರೋ ಎಲೆಕ್ಟ್ರಾನ್ ವೋಲ್ಟ್. ಚುಕ್ಕೆಯ ಧಾರಣಶಕ್ತಿ (ಆವೇಶವನ್ನು ಹಿಡಿದಿಡುವ ಅಳವು) 100 ಅಟ್ಟೋಫ್ಯಾರಡ್ ಎಂದಿಟ್ಟುಕೊಂಡರೆ, ಒಂದು ಎಲೆಕ್ಟ್ರಾನನ್ನು ಹೆಚ್ಚುವರಿಯಾಗಿ ಒಳಗೆ ಸೇರಿಸಲು 1.6 ಮಿಲಿ ಎಲೆಕ್ಟ್ರಾನ್ ವೋಲ್ಟ್ ತೆರಬೇಕು, ಅಂದರೆ ಸುಮಾರು 19 ಕೆಲ್ವಿನ್‌ಗೆ ಸಮ. ಇದನ್ನು ಆವೇಶ ಶಕ್ತಿ ಎನ್ನೋಣ. ಹೀಲಿಯಂ ತಾಪಮಾನದಲ್ಲಿ ಬಹುಪಾಲು ಎಲೆಕ್ಟ್ರಾನುಗಳ ಬಳಿ ಅಷ್ಟು ಶಕ್ತಿ ಇರುವುದಿಲ್ಲ, ಹಾಗಾಗಿ ಹರಿವು ಬಹುತೇಕ ನಿಲ್ಲುತ್ತದೆ. ಇದೇ ಕೂಲಂಬ್ ತಡೆ. ಇಲ್ಲಿಯವರೆಗೆ ಚಳಿ ಕಟ್ಟಿಹಾಕುತ್ತದೆ ಎಂದು ನಿಮ್ಮ ತಂದೆಯವರಿಗೆ ಹೇಳಬಹುದು.

ಆದರೆ ಎಲೆಕ್ಟ್ರಾನ್ ಒಂದಿಷ್ಟು ಹೊತ್ತು ಶಕ್ತಿಯನ್ನು ಕಡ ಪಡೆಯಬಹುದು. 1.6 ಮಿಲಿ ಎಲೆಕ್ಟ್ರಾನ್ ವೋಲ್ಟಿನ ಕಡಕ್ಕೆ ಸಿಗುವ ವಾಯಿದೆ ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗದಲ್ಲಿ ಅರ್ಧಕ್ಕೂ ಕಡಿಮೆ. ಅಷ್ಟರೊಳಗೆ ಚುಕ್ಕೆಯ ಎಲೆಕ್ಟ್ರಾನ್ ಹೊರಗೆ ಹೋಗಿ, ವಿರುದ್ಧ ಸ್ಪಿನ್ನಿನ (ಸ್ಪಿನ್ ಎಂದರೆ ಎಲೆಕ್ಟ್ರಾನಿಗಿರುವ ಪುಟ್ಟ ಕಾಂತದಂಥ ಗುಣ) ಇನ್ನೊಂದು ಒಳಗೆ ಬರುತ್ತದೆ. ಎಣಿಕೆ ಮೊದಲಿನಷ್ಟೇ ಉಳಿದರೂ ಸ್ಪಿನ್ ತಿರುಗಿರುತ್ತದೆ. ಲೀಡುಗಳ, ಅಂದರೆ ಚುಕ್ಕೆಗೆ ಎಡ ಬಲದಿಂದ ವಿದ್ಯುತ್ತು ತರುವ ತಂತಿಯಂಥ ಭಾಗಗಳ, ಎಲೆಕ್ಟ್ರಾನುಗಳು ತಣಿದಷ್ಟೂ ಇಂಥ ವಿನಿಮಯಗಳು ಒಂದರ ಮೇಲೊಂದು ತಾಳ ತಪ್ಪದೆ ಕೂಡಿಕೊಳ್ಳುತ್ತವೆ. ಕೊಂಡೊ ತಾಪಮಾನ ಎಂಬ ಒಂದು ಮಿತಿಗಿಂತ ಕೆಳಗೆ ಚುಕ್ಕೆಯ ಸ್ಪಿನ್ನೂ ಸುತ್ತಲಿನ ಎಲೆಕ್ಟ್ರಾನ್ ಸಮುದ್ರವೂ ಸೇರಿ ಒಟ್ಟು ಸ್ಪಿನ್ ಸೊನ್ನೆಯಾಗುವ ಒಂದೇ ಸ್ಥಿತಿಯಾಗಿಬಿಡುತ್ತವೆ. ಆಗ ದಾರಿ ತೆರೆಯುತ್ತದೆ. ಅದು ಪೂರ್ತಿ ತೆರೆದಾಗಿನ ವಾಹಕತ್ವ 12.9 ಕಿಲೋಓಮ್ ರೋಧಕ್ಕೆ ಸಮ. ಆ ಮಿತಿಯನ್ನು 2000ದಲ್ಲಿ ಅಳೆದು ತೋರಿಸಿದರು.

ಎರಡು ಚುಕ್ಕೆಗಳಿದ್ದಾಗ, ಎರಡರಲ್ಲೂ ಒಂದೊಂದು ಬಿಡಿ ಸ್ಪಿನ್ ಇದ್ದರೆ, ಅವು ಸಮುದ್ರವನ್ನು ಬಿಟ್ಟು ತಮ್ಮತಮ್ಮಲ್ಲೇ ಜೋಡಿಯಾಗಬಹುದು. ಆ ಜೋಡಿಯ ಬಲವೇ ವಿನಿಮಯ ಶಕ್ತಿ. ಚುಕ್ಕೆಗಳ ನಡುವಿನ ಜಿಗಿತದ ಶಕ್ತಿಯ ವರ್ಗವನ್ನು ನಾಲ್ಕರಿಂದ ಗುಣಿಸಿ ಆವೇಶ ಶಕ್ತಿಯಿಂದ ಭಾಗಿಸಿದರೆ ಅದು ಸಿಗುತ್ತದೆ. ಜಿಗಿತ 50 ಮೈಕ್ರೋ ಎಲೆಕ್ಟ್ರಾನ್ ವೋಲ್ಟ್ ಇದ್ದರೆ ವಿನಿಮಯ ಶಕ್ತಿ 6.25, ಅಂದರೆ 72 ಮಿಲಿಕೆಲ್ವಿನ್. ಜಿಗಿತ 200 ಆದರೆ ವಿನಿಮಯ ಶಕ್ತಿ 100, ಅಂದರೆ ಸುಮಾರು 1.16 ಕೆಲ್ವಿನ್. ಚುಕ್ಕೆಗಳು ತಮ್ಮಲ್ಲೇ ಜೋಡಿಯಾದಾಗ ಸಮುದ್ರಕ್ಕೆ ಹಿಡಿದುಕೊಳ್ಳಲು ಸ್ಪಿನ್ ಉಳಿಯುವುದಿಲ್ಲ, ಹರಿವು ಕುಸಿಯುತ್ತದೆ. ನಿಮ್ಮ ರೇಖೆಯ ಕಾರಣ ಇದೇ.

ಮುಳ್ಳೇರಿಯದ ವಯರ್‌ಮನ್

ತಂತಿ ತಣಿದರೆ ರೋಧ ಇಳಿಯುತ್ತದೆ ಎಂದು ನಾವು ಕಲಿತದ್ದು. ಇಲ್ಲಿ ಹರಿವು ಇಳಿದು, ಏರಿ, ಮತ್ತೆ ಇಳಿಯುವ ಕಥೆ ಕೇಳಿ ಆಶ್ಚರ್ಯವಾಗುತ್ತಿದೆ.

ಪೆರ್ಲದ ನಿವೃತ್ತ ಅಧ್ಯಾಪಕ

ಅದನ್ನೇ ನಾನು ಮೂವತ್ತು ವರ್ಷ ಕಲಿಸಿದೆ, ಮತ್ತು ಅದು ಪೂರ್ಣ ಸತ್ಯವಲ್ಲ ಎಂದು ತಿಳಿದದ್ದು ನಿವೃತ್ತಿಯ ಹೊತ್ತಿಗೆ ಎಂಬುದು ಈಗಲೂ ನನ್ನನ್ನು ಕಾಡುತ್ತದೆ. 1934ರಲ್ಲೇ ಲೈಡನ್ನಿನಲ್ಲಿ ಚಿನ್ನದ ತಂತಿಯನ್ನು ತಣಿಸುತ್ತ ಹೋದಾಗ, ಕೆಲವು ಕೆಲ್ವಿನ್‌ಗಳ ಬಳಿ ರೋಧ ಕನಿಷ್ಠ ಮಟ್ಟವನ್ನು ಮುಟ್ಟಿ ಮತ್ತೆ ಏರತೊಡಗಿತ್ತು. ಚಿನ್ನದಲ್ಲಿ ಬೆರೆತ ಲೇಶದಷ್ಟು ಕಾಂತೀಯ ಲೋಹದ ಪರಮಾಣುಗಳು ಅದಕ್ಕೆ ಕಾರಣ. ಏಕೆ ಹೀಗೆ ಎಂದು ಜುನ್ ಕೊಂಡೊ ಲೆಕ್ಕ ಹಾಕಿ ತೋರಿಸಿದ್ದು 1964ರಲ್ಲಿ. ನಡುವೆ ಮೂವತ್ತು ವರ್ಷ.

ನನಗೆ ಒಂದು ಸಂಶಯವಿದೆ. ಚಿನ್ನದಲ್ಲಿ ಕೊಂಡೊ ಪರಿಣಾಮ ರೋಧವನ್ನು ಹೆಚ್ಚಿಸುತ್ತದೆ, ಚುಕ್ಕೆಯಲ್ಲಿ ಹರಿವನ್ನು ಹೆಚ್ಚಿಸುತ್ತದೆ. ಒಂದೇ ಪರಿಣಾಮ ಎರಡು ಕಡೆ ಎರಡು ಫಲ ಕೊಡುವುದನ್ನು ಊರವರಿಗೆ ಹೇಗೆ ವಿವರಿಸುವುದು?

ಮಂಜೇಶ್ವರದ ಸೈದ್ಧಾಂತಿ

ಮಾಸ್ಟ್ರೇ, ಪರಿಣಾಮ ಒಂದೇ, ಅದು ಎಲೆಕ್ಟ್ರಾನನ್ನು ಬಲವಾಗಿ ಚದರಿಸುತ್ತದೆ. ಚಿನ್ನದ ತಂತಿಯಲ್ಲಿ ಮುಂದೆ ಹೋಗುತ್ತಿದ್ದ ಎಲೆಕ್ಟ್ರಾನ್ ಚದರಿ ಅಡ್ಡದಾರಿ ಹಿಡಿಯುತ್ತದೆ, ಆದುದರಿಂದ ರೋಧ ಏರುತ್ತದೆ. ಚುಕ್ಕೆಯಲ್ಲಿ ಎಡ ಲೀಡಿನಿಂದ ಬಲ ಲೀಡಿಗೆ ಹೋಗಲು ಚುಕ್ಕೆಯೊಂದೇ ದಾರಿ, ಅಲ್ಲಿ ಚದರುವುದೆಂದರೆ ಆಚೆ ದಾಟುವುದು. 1988ರಲ್ಲಿ ಗ್ಲಾಜ್‌ಮನ್ ಮತ್ತು ರೈಖ್ ಒಂದು ಕಡೆ, ಎನ್‌ಜಿ ಮತ್ತು ಲೀ ಇನ್ನೊಂದು ಕಡೆ ಇದನ್ನು ಮುಂದಾಗಿಯೇ ಹೇಳಿದ್ದರು. ಹತ್ತು ವರ್ಷಗಳ ಬಳಿಕ, 1998ರಲ್ಲಿ, ಗೋಲ್ಡ್‌ಹೇಬರ್-ಗೋರ್ಡನ್ ಅವರ ತಂಡವೂ ಡೆಲ್ಫ್ಟಿನ ತಂಡವೂ ಅಳೆದು ತೋರಿಸಿದವು.

ಇನ್ನು ಕುಂಬಳೆಯವರ ಉತ್ತರದ ಕೊನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಕೊಂಡೊ ತಾಪಮಾನ 300 ಮಿಲಿಕೆಲ್ವಿನ್ ಎಂದಿಟ್ಟುಕೊಳ್ಳಿ. ವಿನಿಮಯ ಶಕ್ತಿ 72 ಮಿಲಿಕೆಲ್ವಿನ್ ಆದರೆ ಎರಡೂ ಸ್ಪಿನ್ನುಗಳನ್ನು ಅವುಗಳ ಲೀಡುಗಳು 300ರ ಬಳಿಯೇ ಹಿಡಿದುಕೊಂಡಿರುತ್ತವೆ, 72ಕ್ಕೆ ಇಳಿಯುವಾಗ ಜೋಡಿಯಾಗಲು ಬಿಡಿ ಸ್ಪಿನ್ನುಗಳೇ ಇರುವುದಿಲ್ಲ. ಹಾಗಾದರೆ ಕುಸಿತ ಎಲ್ಲಿಂದ ಬಂತು? ವಿನಿಮಯ ಶಕ್ತಿ 1.16 ಕೆಲ್ವಿನ್ ಆದರೆ ಸ್ಪಿನ್ನುಗಳು ಮೊದಲೇ ತಮ್ಮಲ್ಲಿ ಜೋಡಿಯಾಗಿರುತ್ತವೆ. ಹಾಗಾದರೆ ಏರಿಕೆ ಎಲ್ಲಿಂದ ಬಂತು? ನಿಮ್ಮ ವಿವರಣೆಯಲ್ಲಿ ಏರಿಕೆ ಇದ್ದರೆ ಕುಸಿತವಿಲ್ಲ, ಕುಸಿತವಿದ್ದರೆ ಏರಿಕೆಯಿಲ್ಲ. ಅಷ್ಟೇ ಅಲ್ಲ, ಭಾಗಿಸಬೇಕಾದದ್ದು ಬರಿಯ ಆವೇಶ ಶಕ್ತಿಯಿಂದಲ್ಲ, ಅದರಿಂದ ಎರಡು ಚುಕ್ಕೆಗಳ ನಡುವಿನ ವಿಕರ್ಷಣ ಶಕ್ತಿಯನ್ನು ಕಳೆದು ಉಳಿದದ್ದರಿಂದ.

ಕುಂಬಳೆಯಿಂದ

ವಿಕರ್ಷಣೆಯನ್ನು ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಎರಡು ಶಕ್ತಿಗಳ ಪೈಪೋಟಿಯೇ ಮೂಲ ಎಂಬುದರಲ್ಲಿ ತಪ್ಪೇನು? 2001ರಲ್ಲಿ ಪರ್ಡ್ಯೂವಿನಲ್ಲಿ ಜೋಡಿ ಚುಕ್ಕೆಯಲ್ಲಿ ಕೊಂಡೊ ಶಿಖರ (ಕೊಂಡೊ ಪರಿಣಾಮದಿಂದ ವಾಹಕತ್ವದ ರೇಖೆಯಲ್ಲಿ ಏಳುವ ಏರು) ಎರಡಾಗಿ ಸೀಳಿದ್ದನ್ನು ನೋಡಿದರು. 2004ರಲ್ಲಿ ಹಾರ್ವರ್ಡಿನಲ್ಲಿ, ನಡುವೆ ಒಂದು ದೊಡ್ಡ ತೆರೆದ ಚುಕ್ಕೆಯನ್ನಿಟ್ಟು ಎರಡು ಸಣ್ಣ ಚುಕ್ಕೆಗಳನ್ನು ಜೋಡಿಸಿದಾಗ, ಆಚೆಯದರಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಬೆಸವೋ ಸಮವೋ ಎಂಬುದಕ್ಕೆ ತಕ್ಕಂತೆ ಈಚೆಯದರ ಕೊಂಡೊ ಶಿಖರ ಕುಗ್ಗುತ್ತಿತ್ತು. ದೂರದಲ್ಲಿ ಗೇಟಿನ ವೋಲ್ಟೇಜನ್ನು ತುಸು ತಿರುಗಿಸಿ ಇಲ್ಲಿಯ ಸ್ಪಿನ್ನಿನ ಗತಿಯನ್ನು ಬದಲಿಸುವುದು ಸಣ್ಣ ಮಾತಲ್ಲ.

ಮಂಜೇಶ್ವರದ ಸೈದ್ಧಾಂತಿ

ಪೈಪೋಟಿ ನಿಜ. ವಿನಿಮಯ ಶಕ್ತಿ ಕೊಂಡೊ ತಾಪಮಾನದ ಸುಮಾರು 2.2 ಪಟ್ಟು ಆದಾಗ ಒಂದು ಸ್ಥಿತಿ ಮುಗಿದು ಇನ್ನೊಂದು ಶುರುವಾಗುವ ಒಂದು ನಿರ್ಣಾಯಕ ಬಿಂದು ಇದೆ ಎಂದು ಜೋನ್ಸ್ ಮತ್ತು ವರ್ಮಾ 1980ರ ದಶಕದಲ್ಲೇ ಲೆಕ್ಕ ಹಾಕಿದ್ದಾರೆ. ಆದರೆ ಎರಡೂ ಕಡೆಯ ಎಲೆಕ್ಟ್ರಾನುಗಳು ಒಂದರಿಂದೊಂದಕ್ಕೆ ದಾಟಲಾಗದಿದ್ದಾಗ ಮಾತ್ರ ಅದು ಚೂಪಾದ ಬಿಂದು. ನಿಜವಾದ ಜೋಡಿ ಚುಕ್ಕೆಯಲ್ಲಿ ಎಲೆಕ್ಟ್ರಾನ್ ದಾಟುತ್ತದೆ, ಬಿಂದು ಕರಗಿ ನುಣುಪಾದ ಬದಲಾವಣೆಯಾಗುತ್ತದೆ. ನಾವಿಬ್ಬರೂ ಒಂದು ಮುಖ್ಯ ಪ್ರಶ್ನೆಯನ್ನು ಕೇಳದೆ ವಾದಿಸುತ್ತಿದ್ದೇವೆ. ತಂಗಿಯವರೇ, ನಿಮ್ಮ ಎರಡನೆಯ ಚುಕ್ಕೆ ಬಲ ಲೀಡಿಗೆ ತಾಗಿಕೊಂಡಿದೆಯೇ, ಇಲ್ಲವೇ?

ಏತಡ್ಕದ ಅಡಿಕೆ ಕೃಷಿಕ

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಇಷ್ಟನ್ನು ಓದಿ ನನಗೆ ತೋಚಿದ್ದು ಹೀಗೆ. ನಮ್ಮ ಗುಡ್ಡದ ಮೇಲೊಂದು ಮದಕ (ನೀರು ತಡೆದು ನಿಲ್ಲಿಸಿದ ಕೆರೆ), ಅದರ ಕೆಳಗೆ ಇನ್ನೊಂದು ಮದಕ. ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ನೀರು. ನಡುವಿನ ಕಟ್ಟವನ್ನು ಎಷ್ಟು ಎತ್ತರಿಸುತ್ತೇವೆ ಎಂಬುದೇ ನಿಮ್ಮ ಗೇಟಿನ ವೋಲ್ಟೇಜು. ಈ ಹೋಲಿಕೆ ವಾಚನಾಲಯದಲ್ಲಿ ಎಲ್ಲರಿಗೂ ಅರ್ಥವಾದೀತು, ಇಲ್ಲಿ ಕಟ್ಟ ಕಟ್ಟಿ ಗೊತ್ತಿಲ್ಲದವರು ಯಾರಿದ್ದಾರೆ?

ಪೆರ್ಲದ ನಿವೃತ್ತ ಅಧ್ಯಾಪಕ

ಹೋಲಿಕೆಯ ಅರ್ಧ ಸರಿಯಿದೆ. ಗೇಟಿನ ವೋಲ್ಟೇಜಿನಿಂದ ತಡೆಯ ಎತ್ತರ ಬದಲಾಗುವುದನ್ನು ಕಟ್ಟದಿಂದ ತೋರಿಸಬಹುದು. ಆದರೆ ನೀರನ್ನು ಎಷ್ಟು ಬೇಕಾದರೂ ಸಣ್ಣ ಪಾಲು ಮಾಡಬಹುದು, ಎಲೆಕ್ಟ್ರಾನನ್ನು ಅರ್ಧ ಮಾಡಲಾಗುವುದಿಲ್ಲ. ಎರಡು ಗೇಟುಗಳ ವೋಲ್ಟೇಜನ್ನು ಅಡ್ಡಕ್ಕೂ ಉದ್ದಕ್ಕೂ ಗುರುತಿಸಿ ಎಷ್ಟು ಎಲೆಕ್ಟ್ರಾನುಗಳು ಎಲ್ಲಿವೆ ಎಂಬ ನಕ್ಷೆ ಬರೆದರೆ ಅದು ಜೇನುಹುಟ್ಟಿನ ಷಟ್ಕೋನಗಳಂತೆ ಕಾಣುವುದು ಈ ಕಾರಣಕ್ಕೇ. ಒಂದೊಂದು ಕೋಶದಲ್ಲಿ ಒಂದೊಂದು ನಿಶ್ಚಿತ ಎಣಿಕೆ. ಜೇನುಹುಟ್ಟಿನ ಚಿತ್ರವನ್ನು ತೋರಿಸುವುದೇ ಲೇಸು.

ನೀರ್ಚಾಲಿನ ಕನ್ನಡ ಟೀಚರ್

ನನ್ನ ಪ್ರಶ್ನೆ ಮಾತಿನ ಬಗ್ಗೆ, ಆದರೆ ವಿಷಯಕ್ಕೆ ಸೇರಿದ್ದು. ತಡೆಯನ್ನು ಎಲೆಕ್ಟ್ರಾನ್ ದಾಟುವುದಕ್ಕೆ ಪುಸ್ತಕಗಳಲ್ಲಿ ಸುರಂಗ ಎನ್ನುತ್ತಾರೆ. ಕಾಸರಗೋಡಿನವರಿಗೆ ಸುರಂಗ ಎಂದರೆ ಮುರಕಲ್ಲಿನ ಗುಡ್ಡವನ್ನು ಆಳು ಹೋಗುವಷ್ಟು ಅಡ್ಡಕ್ಕೆ ತೋಡಿ ನೀರು ತಂದ ಮಾಟೆ. ಕೇಳುವವರು ಎಲೆಕ್ಟ್ರಾನ್ ತೂತು ಕೊರೆಯುತ್ತದೆ ಎಂದೇ ತಿಳಿಯುತ್ತಾರೆ. "ಒಸರು" ಎಂಬ ಮಾತು ನಮ್ಮಲ್ಲಿದೆ. ಗೋಡೆಯಲ್ಲಿ ತೂತಿಲ್ಲದಿದ್ದರೂ ನೀರು ಒಸರುತ್ತದಲ್ಲವೇ?

ಕುಂಬಳೆಯಿಂದ

ಟೀಚರ್, ಸುರಂಗದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ದಾಟಿದ ತಡೆಯಲ್ಲಿ ತೂತು ಉಳಿಯುವುದಿಲ್ಲ. ಆದರೆ ಒಸರುವ ನೀರಿಗೆ ಮುರಕಲ್ಲಿನಲ್ಲಿ ಸಣ್ಣ ಸಂದುಗಳು ಇದ್ದೇ ಇರುತ್ತವೆ, ಮತ್ತು ಅದು ಉಜ್ಜಿಕೊಂಡು ಬರುವಾಗ ಶಕ್ತಿ ಕಳೆದುಕೊಳ್ಳುತ್ತದೆ. ಎಲೆಕ್ಟ್ರಾನ್ ಆಚೆ ಬದಿಗೆ ಬಂದಾಗ ಅದರ ಶಕ್ತಿ ಮೊದಲಿದ್ದಷ್ಟೇ ಇರುತ್ತದೆ. ಆ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಿ ಬಳಸುವುದಾದರೆ ನನಗೆ "ಒಸರು" ಇಷ್ಟವೇ.

ಬದಿಯಡ್ಕದ ವಿದ್ಯಾರ್ಥಿನಿ (ಭಾನುವಾರ, ಬೆಳಗ್ಗೆ 7:15)

ಎಲ್ಲರ ಉತ್ತರಗಳನ್ನೂ ಎರಡು ಸಲ ಓದಿದೆ. ಮೊದಲೇ ಹೇಳಬೇಕಾಗಿದ್ದನ್ನು ನಾನು ಹೇಳಿರಲಿಲ್ಲ, ಅದಕ್ಕಾಗಿ ಕ್ಷಮಿಸಿ. ನನ್ನ ಎರಡನೆಯ ಚುಕ್ಕೆ ಯಾವ ಲೀಡಿಗೂ ತಾಗಿಲ್ಲ. ಮೊದಲ ಚುಕ್ಕೆ ಎಡ ಬಲ ಲೀಡುಗಳ ನಡುವೆ ಇದೆ, ಎರಡನೆಯದು ಮೊದಲಿನದಕ್ಕೆ ಮಾತ್ರ ಪಕ್ಕದಲ್ಲಿ ತಾಗಿಕೊಂಡಿದೆ. ಎರಡರಲ್ಲೂ ಬೆಸ ಸಂಖ್ಯೆ. ವಿಲ್ಸನ್ 1975ರಲ್ಲಿ ಕೊಟ್ಟ ಸಂಖ್ಯಾತ್ಮಕ ರೀನಾರ್ಮಲೈಸೇಶನ್ ವಿಧಾನದಿಂದ (ದೊಡ್ಡ ಶಕ್ತಿಯಿಂದ ಸಣ್ಣ ಶಕ್ತಿಯತ್ತ ಹಂತಹಂತವಾಗಿ ಇಳಿಯುವ ಲೆಕ್ಕ) ಲೆಕ್ಕ ಮಾಡಿದ್ದೇನೆ.

ಕುಂಬಳೆಯಿಂದ

ಹಾಗಿದ್ದರೆ ನಾನು ಹೇಳಿದ ಕಾರಣ ನಿಮ್ಮ ರೇಖೆಗೆ ಹೊಂದುವುದಿಲ್ಲ. ಚುಕ್ಕೆಗಳು ಸಾಲಾಗಿ ಇವೆ ಎಂದು ನಾನೇ ಊಹಿಸಿಕೊಂಡು ಉತ್ತರಿಸಿದೆ. ಮಂಜೇಶ್ವರದವರು ಮುಂದುವರಿಸಲಿ.

ಮಂಜೇಶ್ವರದ ಸೈದ್ಧಾಂತಿ

ಈಗ ಎಲ್ಲವೂ ಸರಿಹೊಂದುತ್ತದೆ. ಇದು ಎರಡು ಹಂತದ ಕೊಂಡೊ ಪರಿಣಾಮ, ಮತ್ತು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಸೊಗಸಾದ ಸಂಗತಿಗಳಲ್ಲಿ ಒಂದು.

ನಿಮ್ಮ ವಿನ್ಯಾಸದಲ್ಲಿ ವಿನಿಮಯ ಶಕ್ತಿ ಕೊಂಡೊ ತಾಪಮಾನಕ್ಕಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಏರಿಕೆಯೇ ಕಾಣುತ್ತಿರಲಿಲ್ಲ. ತಣಿಸುತ್ತ ಬರುವಾಗ ಮೊದಲ ಚುಕ್ಕೆಯ ಸ್ಪಿನ್ನನ್ನು ಲೀಡುಗಳ ಎಲೆಕ್ಟ್ರಾನುಗಳು ಹಿಡಿದುಕೊಳ್ಳುತ್ತವೆ, ವಾಹಕತ್ವ ಏರುತ್ತದೆ. ಆ ಹೊತ್ತಿಗೆ ಎರಡನೆಯ ಚುಕ್ಕೆಯ ಸ್ಪಿನ್ ಬಿಡಿಯಾಗಿಯೇ ಇರುತ್ತದೆ, ಅದನ್ನು ಮುಟ್ಟಲು ಲೀಡಿಗೆ ನೇರ ದಾರಿಯೇ ಇಲ್ಲವಲ್ಲ. ಆದರೆ ಮೊದಲ ಚುಕ್ಕೆ ಈಗ ಬಿಡಿ ಸ್ಪಿನ್ನಾಗಿ ಉಳಿದಿಲ್ಲ, ಅದು ಎಲೆಕ್ಟ್ರಾನ್ ಸಮುದ್ರದ ಒಂದು ಭಾಗವೇ ಆಗಿಬಿಟ್ಟಿದೆ. ಎರಡನೆಯ ಚುಕ್ಕೆಯ ದೃಷ್ಟಿಯಿಂದ ನೋಡಿದರೆ, ಅದರ ಮುಂದೆ ಕೊಂಡೊ ತಾಪಮಾನದಷ್ಟೇ ಅಗಲವಿರುವ ಒಂದು ಕಿರುಸಮುದ್ರವಿದೆ. ಆ ಕಿರುಸಮುದ್ರದೊಂದಿಗೆ ಅದು ತನ್ನದೇ ಆದ ಇನ್ನೊಂದು ಕೊಂಡೊ ಸ್ಥಿತಿಯನ್ನು ಕಟ್ಟಿಕೊಳ್ಳುತ್ತದೆ. ಈ ಎರಡನೆಯ ತಾಪಮಾನ ಮೊದಲನೆಯದಕ್ಕಿಂತ ಘಾತೀಯವಾಗಿ ಸಣ್ಣದು. ಕೊಂಡೊ ತಾಪಮಾನವನ್ನು ವಿನಿಮಯ ಶಕ್ತಿಯಿಂದ ಭಾಗಿಸಿದಾಗ ಬರುವ ಸಂಖ್ಯೆ ಘಾತದಲ್ಲಿ ಋಣ ಚಿಹ್ನೆಯೊಂದಿಗೆ ಕುಳಿತಿರುತ್ತದೆ.

ಆಗ ಹರಿವು ಕುಸಿಯುವುದೇಕೆ? ಎಡದಿಂದ ಬಲಕ್ಕೆ ಹೋಗುವ ಎಲೆಕ್ಟ್ರಾನಿಗೆ ಎರಡು ಬಗೆಯ ದಾರಿಗಳಿವೆ, ನೇರವಾಗಿ ಮೊದಲ ಚುಕ್ಕೆಯ ಮೂಲಕ ಒಂದು, ಎರಡನೆಯ ಚುಕ್ಕೆಗೆ ಹೋಗಿ ಹಿಂತಿರುಗಿ ಬರುವುದು ಇನ್ನೊಂದು. ಎಲೆಕ್ಟ್ರಾನ್ ಅಲೆಯಂತೆಯೂ ವರ್ತಿಸುತ್ತದೆ, ಎರಡನೆಯ ಹಂತ ಪೂರ್ಣವಾದಾಗ ಈ ಎರಡು ದಾರಿಗಳ ಅಲೆಗಳು ಒಂದಕ್ಕೊಂದು ವಿರುದ್ಧವಾಗಿ ಕೂಡಿ ಅಳಿಸಿಕೊಳ್ಳುತ್ತವೆ. ಗೇಟುಗಳನ್ನು ಸಮತೋಲದ ನಡುಬಿಂದುವಿನಲ್ಲಿಟ್ಟರೆ ಸೊನ್ನೆ ಕೆಲ್ವಿನ್‌ನತ್ತ ವಾಹಕತ್ವವೂ ಸೊನ್ನೆಯತ್ತ ಹೋಗುತ್ತದೆ.

ನಿಮ್ಮ ತಂದೆಯವರ ಪ್ರಶ್ನೆಗೆ ನನ್ನ ಉತ್ತರ: ಚಳಿ ಕಟ್ಟಿಹಾಕುವುದೂ ಇಲ್ಲ, ಬಿಡಿಸುವುದೂ ಇಲ್ಲ. ಬಿಸಿಯ ಗದ್ದಲದಲ್ಲಿ ಕೇಳಿಸದ ಸಣ್ಣ ಶಕ್ತಿಗಳು ತಣಿದಂತೆ ಒಂದೊಂದಾಗಿ ಕೇಳಿಸತೊಡಗುತ್ತವೆ. ಕೇಳಿಸಿದ ಮೇಲೆ ಹರಿವು ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂಬುದನ್ನು ಯಾವ ಚುಕ್ಕೆ ಯಾರಿಗೆ ತಾಗಿಕೊಂಡಿದೆ ಎಂಬುದೇ ತೀರ್ಮಾನಿಸುತ್ತದೆ.

ಏತಡ್ಕದ ಅಡಿಕೆ ಕೃಷಿಕ

ಎರಡು ದಾರಿಯಿಂದ ಬಂದ ನೀರು ಕೂಡಿದರೆ ಹೆಚ್ಚಾಗಬೇಕು, ಇಲ್ಲವಾಗುವುದು ಹೇಗೆ? ನನ್ನ ಮದಕದ ಹೋಲಿಕೆ ಇಲ್ಲಿಗೆ ಪೂರ್ತಿ ನಿಂತುಹೋಯಿತು. ಅದನ್ನು ಕೈಬಿಡಿ ಎಂದು ನಾನೇ ಹೇಳುತ್ತೇನೆ.

ಪೆರ್ಲದ ನಿವೃತ್ತ ಅಧ್ಯಾಪಕ

ಕೈಬಿಡಬೇಡಿ, ನೀರನ್ನಲ್ಲ, ನೀರಿನ ಮೇಲಿನ ಅಲೆಗಳನ್ನು ನೋಡಿ. ಕೆರೆಗೆ ಎರಡು ಕಲ್ಲು ಹಾಕಿದರೆ, ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಂದ ಕಡೆ ನೀರು ಅಲುಗದೆ ನಿಂತಿರುವುದನ್ನು ನೀವೇ ನೋಡಿರುತ್ತೀರಿ.

ಕಾಸರಗೋಡು ಪೇಟೆಯಿಂದ

ವಿವರಣೆ ಚೆನ್ನಾಗಿದೆ. ಆದರೆ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು ಇದರಿಂದ ಉಪಯೋಗವೇನು ಎಂದು ಕೇಳುತ್ತಾರೆ. ಅದಕ್ಕೂ ಸಿದ್ಧರಾಗಿರಿ.

ಮಂಜೇಶ್ವರದ ಸೈದ್ಧಾಂತಿ

ಕೇಳಲಿ, ನ್ಯಾಯವಾದ ಪ್ರಶ್ನೆ. ಚುಕ್ಕೆಯಲ್ಲಿರುವ ಒಂದು ಎಲೆಕ್ಟ್ರಾನಿನ ಸ್ಪಿನ್ನನ್ನೇ ಕ್ವಾಂಟಂ ಕಂಪ್ಯೂಟರಿನ ಬಿಟ್ ಆಗಿ ಬಳಸಬಹುದು ಎಂದು ಲಾಸ್ ಮತ್ತು ಡಿವಿನ್ಸೆಂಜೊ 1998ರಲ್ಲಿ ಸೂಚಿಸಿದರು. ಎರಡು ಬಿಟ್‌ಗಳ ನಡುವಿನ ವ್ಯವಹಾರಕ್ಕೆ ಅವರು ಆರಿಸಿಕೊಂಡದ್ದು ಕುಂಬಳೆಯವರು ಲೆಕ್ಕ ಹಾಕಿದ ವಿನಿಮಯ ಶಕ್ತಿಯನ್ನೇ. 2002ರಲ್ಲಿ ಓನೊ, ಟರೂಚ ಮತ್ತು ಸಂಗಡಿಗರು ಜೋಡಿ ಚುಕ್ಕೆಯಲ್ಲಿ ಸ್ಪಿನ್ ತಡೆಯನ್ನು ಕಂಡರು. ಎರಡು ಎಲೆಕ್ಟ್ರಾನುಗಳ ಸ್ಪಿನ್ ಒಂದೇ ದಿಕ್ಕಿನಲ್ಲಿದ್ದರೆ ಪೌಲಿ ನಿಯಮದ ಕಾರಣ ಅವು ಒಂದೇ ಚುಕ್ಕೆಯ ಕೆಳಮಟ್ಟದಲ್ಲಿ ಸೇರಲಾರವು, ಹರಿವು ನಿಲ್ಲುತ್ತದೆ. ಹೀಗಾಗಿ ಕಣ್ಣಿಗೂ ಕಾಂತಕ್ಕೂ ಸಿಗದಷ್ಟು ಸಣ್ಣ ಸ್ಪಿನ್ನನ್ನು ಬರಿಯ ಹರಿವನ್ನು ನೋಡಿ ಓದಬಹುದು. 2005ರಲ್ಲಿ ಪೆಟ್ಟಾ ಮತ್ತು ಸಂಗಡಿಗರು ಇದನ್ನು ಬಳಸಿ ಎರಡು ಸ್ಪಿನ್ನುಗಳ ಸ್ಥಿತಿಯನ್ನು ಬೇಕೆಂದಂತೆ ತಿರುಗಿಸಿ ತೋರಿಸಿದರು.

ಕುಂಬಳೆಯಿಂದ

ಒಂದು ಮಾತು ಸೇರಿಸುತ್ತೇನೆ. ಗ್ಯಾಲಿಯಂ ಆರ್ಸೆನೈಡಿನಲ್ಲಿ ಪ್ರತಿಯೊಂದು ಪರಮಾಣುವಿನ ಬೀಜಕ್ಕೂ ಸ್ಪಿನ್ ಇದೆ, ಒಂದು ಚುಕ್ಕೆಯ ಜಾಗದಲ್ಲಿ ಅಂಥವು ಸುಮಾರು ಹತ್ತು ಲಕ್ಷ. ಅವುಗಳ ಅಲುಗಾಟದಲ್ಲಿ ಎಲೆಕ್ಟ್ರಾನಿನ ಸ್ಥಿತಿ ಹತ್ತಾರು ನ್ಯಾನೋಸೆಕೆಂಡಿನೊಳಗೆ ಕದಡಿಹೋಗುತ್ತದೆ. ಸಿಲಿಕಾನ್ 28ರ ಬೀಜಕ್ಕೆ ಸ್ಪಿನ್ ಇಲ್ಲ, ಆದುದರಿಂದ ಹಲವರು ಶುದ್ಧೀಕರಿಸಿದ ಸಿಲಿಕಾನಿನತ್ತ ಹೊರಳಿದ್ದಾರೆ.

ಮುಳ್ಳೇರಿಯದ ವಯರ್‌ಮನ್

ನನಗೆ ಬೇರೆಯೇ ಪ್ರಶ್ನೆ. ಇಷ್ಟು ಸಣ್ಣ ಜಾಗ ಎಷ್ಟು ತಣಿದಿದೆ ಎಂದು ಅಳೆಯುವುದು ಹೇಗೆ? ಥರ್ಮಾಮೀಟರ್ ಇಡಲು ಅಲ್ಲಿ ಜಾಗವೆಲ್ಲಿದೆ?

ಕುಂಬಳೆಯಿಂದ

ಅಣ್ಣ, ಈ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ಬಹಳ ಸಂತೋಷ, ಏಕೆಂದರೆ ನನ್ನ ಎಂಟು ತಿಂಗಳನ್ನು ಇದೇ ಪ್ರಶ್ನೆ ನುಂಗಿತು.

ಮೊದಲು ತಣಿಸುವ ಬಗೆ. ಹೀಲಿಯಂ 3 ಮತ್ತು ಹೀಲಿಯಂ 4 ಬೆರೆಸಿದ ದ್ರವ 0.87 ಕೆಲ್ವಿನ್‌ಗಿಂತ ಕೆಳಗೆ ಎಣ್ಣೆ ನೀರಿನಂತೆ ಎರಡು ಪದರಗಳಾಗಬಲ್ಲುದು. ಮೇಲಿನ ಪದರದಲ್ಲಿ ಹೀಲಿಯಂ 3 ಹೆಚ್ಚು, ಕೆಳಗಿನ ಪದರದಲ್ಲಿ ಕಡಿಮೆ. ಸೊನ್ನೆ ಕೆಲ್ವಿನ್‌ನತ್ತ ಹೋದರೂ ಕೆಳಗಿನ ಪದರದಲ್ಲಿ ಶೇಕಡಾ 6ಕ್ಕಿಂತ ತುಸು ಹೆಚ್ಚು ಹೀಲಿಯಂ 3 ಕರಗಿಯೇ ಇರುತ್ತದೆ. ಅದನ್ನು ಪಂಪಿನಿಂದ ಸೆಳೆದರೆ ಮೇಲಿನಿಂದ ಇನ್ನಷ್ಟು ಇಳಿದು ಬರುತ್ತದೆ, ಇಳಿಯುವಾಗ ಬಿಸಿಯನ್ನು ಹೀರಿಕೊಳ್ಳುತ್ತದೆ, ಮೈಯ ಬೆವರು ಆರುವಾಗ ತಂಪಾಗುವಂತೆ. ಹೀಗೆ 10, 20 ಮಿಲಿಕೆಲ್ವಿನ್ ತಲುಪಬಹುದು. ಇದನ್ನು ಡೈಲ್ಯೂಷನ್ ಫ್ರಿಜ್ ಎನ್ನುತ್ತಾರೆ.

ನಮ್ಮ ಫ್ರಿಜ್ಜಿನ ಥರ್ಮಾಮೀಟರ್ 20 ಮಿಲಿಕೆಲ್ವಿನ್ ತೋರಿಸುತ್ತಿತ್ತು. ಕೊಂಡೊ ಶಿಖರ ಮಾತ್ರ ಒಂದು ಎತ್ತರದ ಬಳಿಕ ಏರಲೇ ಇಲ್ಲ. ಸಿದ್ಧಾಂತದಲ್ಲೇ ಏನೋ ತಪ್ಪಿದೆ ಎಂದು ನಾವು ತಿಂಗಳುಗಟ್ಟಲೆ ಚರ್ಚಿಸಿದೆವು. ಕೊನೆಗೆ ಕೂಲಂಬ್ ಶಿಖರಗಳ (ಗೇಟಿನ ವೋಲ್ಟೇಜನ್ನು ಬದಲಿಸುತ್ತ ಹೋದಾಗ ಕೂಲಂಬ್ ತಡೆ ಸಡಿಲಿ ಹರಿವು ಏರುವ ಜಾಗಗಳ) ಅಗಲವನ್ನು ಅಳೆದೆವು. ಎಲೆಕ್ಟ್ರಾನುಗಳು ಬಿಸಿಯಿದ್ದಷ್ಟೂ ಆ ಶಿಖರ ಅಗಲವಾಗುತ್ತದೆ, ಆದುದರಿಂದ ಚುಕ್ಕೆಯೇ ತನ್ನ ಥರ್ಮಾಮೀಟರ್. ಅದು ಹೇಳಿದ್ದು 200 ಮಿಲಿಕೆಲ್ವಿನ್‌ಗಿಂತಲೂ ಹೆಚ್ಚು. ಹರಳು ತಣಿದಿತ್ತು, ಎಲೆಕ್ಟ್ರಾನುಗಳು ತಣಿದಿರಲಿಲ್ಲ. ಇಷ್ಟು ಚಳಿಯಲ್ಲಿ ಎಲೆಕ್ಟ್ರಾನುಗಳಿಗೂ ಹರಳಿನ ಕಂಪನಗಳಿಗೂ ನಡುವಿನ ಕೊಡುಕೊಳ್ಳುವಿಕೆ ತಾಪಮಾನದ ಐದನೆಯ ಘಾತದಷ್ಟು ವೇಗವಾಗಿ ಕ್ಷೀಣಿಸುತ್ತದೆ. ಅತ್ತ ಕೋಣೆಯಿಂದ ಬರುವ ಅಳತೆಯ ತಂತಿಗಳು ರೇಡಿಯೋ ಅಲೆಗಳ ಗದ್ದಲವನ್ನು ಹೊತ್ತು ತರುತ್ತಿದ್ದವು. ತಂತಿಗಳನ್ನು ತಾಮ್ರದ ಪುಡಿ ತುಂಬಿದ ಶೋಧಕಗಳ ಮೂಲಕ ಹಾಯಿಸಿ, ಪ್ರತಿಯೊಂದು ಹಂತದಲ್ಲೂ ಲೋಹಕ್ಕೆ ಬಿಗಿದ ಮೇಲೆ ಶಿಖರ ಏರತೊಡಗಿತು. ತಪ್ಪು ನಮ್ಮ ವಯರಿಂಗಿನಲ್ಲಿತ್ತು, ಅಣ್ಣ.

ಮುಳ್ಳೇರಿಯದ ವಯರ್‌ಮನ್

ಭೂಸಂಪರ್ಕ ಸರಿಯಿಲ್ಲದಿದ್ದರೆ ಏನೂ ಸರಿಯಿರುವುದಿಲ್ಲ ಎಂದು ನಾನು ದಿನವೂ ಹೇಳುತ್ತೇನೆ. ಅಲ್ಲೂ ಹಾಗೆಯೇ ಎಂದು ತಿಳಿಯಿತು.

ಮಂಜೇಶ್ವರದ ಸೈದ್ಧಾಂತಿ

ಈ ಅನುಭವ ವಿದ್ಯಾರ್ಥಿನಿಯ ಪ್ರಶ್ನೆಗೂ ನೇರವಾಗಿ ತಾಗುತ್ತದೆ. ಎರಡನೆಯ ಹಂತದ ತಾಪಮಾನ ಘಾತೀಯವಾಗಿ ಸಣ್ಣದಾದ್ದರಿಂದ, ವಿನಿಮಯ ಶಕ್ತಿಯನ್ನು ಸ್ವಲ್ಪ ತಗ್ಗಿಸಿದರೂ ಕುಸಿತವು ಪ್ರಯೋಗದಲ್ಲಿ ತಲುಪಬಹುದಾದ ಎಲೆಕ್ಟ್ರಾನ್ ತಾಪಮಾನಕ್ಕಿಂತ ಕೆಳಗೆ ಜಾರುತ್ತದೆ. ಆಗ ಪ್ರಯೋಗಿಗಳಿಗೆ ಏರಿಕೆ ಮಾತ್ರ ಕಾಣುತ್ತದೆ, ಎರಡನೆಯ ಚುಕ್ಕೆ ಅಲ್ಲಿ ಇದೆಯೆಂಬುದೇ ತಿಳಿಯದೆ ಹೋಗಬಹುದು.

ತಂಗಿ, ನಿಮ್ಮ ಕಾರ್ಯಕ್ರಮದಿಂದ ವಾಹಕತ್ವದ ಜೊತೆಗೆ ಚುಕ್ಕೆಗಳ ಎಂಟ್ರೊಪಿಯನ್ನೂ (ಎಷ್ಟು ಸ್ಥಿತಿಗಳ ಆಯ್ಕೆ ಇದೆ ಎಂಬುದರ ಅಳತೆ) ತೆಗೆಯಿರಿ. ಒಂದು ಬಿಡಿ ಸ್ಪಿನ್ನಿಗೆ ಎರಡು ದಿಕ್ಕುಗಳ ಆಯ್ಕೆ ಇರುವುದರಿಂದ, ಬೋಲ್ಟ್ಸ್‌ಮನ್ ಸ್ಥಿರಾಂಕದ ಮಾನದಲ್ಲಿ ಅದರ ಎಂಟ್ರೊಪಿ 0.69. ನಾನು ಹೇಳಿದ್ದು ಸರಿಯಾಗಿದ್ದರೆ ಎಂಟ್ರೊಪಿ ಎರಡು ಬಿಡಿ ಸ್ಪಿನ್ನುಗಳ 1.39ರಿಂದ 0.69ಕ್ಕೆ ಇಳಿದು, ಅಲ್ಲಿ ಸಮತಟ್ಟಾಗಿ ನಿಂತು, ಬಳಿಕ ಸೊನ್ನೆಗೆ ಇಳಿಯಬೇಕು. ಎರಡೂ ಸ್ಪಿನ್ನುಗಳು ಒಟ್ಟಿಗೆ ಜೋಡಿಯಾಗುವುದಾದರೆ ನಡುವಿನ ತಟ್ಟು ಇರುವುದಿಲ್ಲ.

ಬದಿಯಡ್ಕದ ವಿದ್ಯಾರ್ಥಿನಿ (ಸೋಮವಾರ, ರಾತ್ರಿ 10:05)

ನಿನ್ನೆ ರಾತ್ರಿಯಿಡೀ ಲೆಕ್ಕ ಓಡಿಸಿದೆ. ತಟ್ಟು ಇದೆ. 1.39ರಿಂದ ಇಳಿದು 0.69ರಲ್ಲಿ ಅಡ್ಡಗೆರೆ ಎಳೆದಂತೆ ನಿಲ್ಲುತ್ತದೆ, ವಾಹಕತ್ವ ಅತಿ ಹೆಚ್ಚಿರುವುದೂ ಅದೇ ತಾಪಮಾನಗಳಲ್ಲಿ. ಎಂಟ್ರೊಪಿ ಸೊನ್ನೆಗೆ ಇಳಿಯತೊಡಗುವಲ್ಲಿಯೇ ವಾಹಕತ್ವವೂ ಕುಸಿಯತೊಡಗುತ್ತದೆ. ಆಮೇಲೆ ಚುಕ್ಕೆಗಳ ನಡುವಿನ ಜಿಗಿತವನ್ನು ಅರ್ಧಕ್ಕೆ ಇಳಿಸಿದೆ, ವಿನಿಮಯ ಶಕ್ತಿ ನಾಲ್ಕನೆಯ ಒಂದು ಪಾಲಾಯಿತು. ಮೊದಲ ಇಳಿತ ಇದ್ದಲ್ಲೇ ಉಳಿಯಿತು, ಎರಡನೆಯದು ನನ್ನ ಚಿತ್ರದ ಅಂಚಿನಿಂದಲೇ ಆಚೆ ಹೋಯಿತು.

ಎರಡು ವಾರ ನಾನು ತಪ್ಪು ಎಂದು ಹುಡುಕುತ್ತಿದ್ದದ್ದು ತಪ್ಪಾಗಿರಲಿಲ್ಲ. ಅಪ್ಪನಿಗೆ ಎರಡು ರೇಖೆಗಳನ್ನೂ ಒಂದರ ಕೆಳಗೊಂದಿಟ್ಟು ತೋರಿಸಿದೆ. ಅವರು ತಟ್ಟಿನ ಮೇಲೆ ಬೆರಳಿಟ್ಟು, "ಇಲ್ಲಿ ಒಂದು ಇನ್ನೂ ಒಂಟಿಯಾಗಿದೆ ಎಂದೇ ಅರ್ಥ ಅಲ್ಲವೇ" ಎಂದು ಕೇಳಿದರು.

ನೀರ್ಚಾಲಿನ ಕನ್ನಡ ಟೀಚರ್

ಮಾತಿನ ದಿನ ನಿಶ್ಚಯವಾದಾಗ ಇಲ್ಲಿ ತಿಳಿಸಿ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ.

ಏತಡ್ಕದ ಅಡಿಕೆ ಕೃಷಿಕ

ನಾನೂ ಬರುತ್ತೇನೆ. ಆ ತಟ್ಟು ಇರುವ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತನ್ನಿ, ಹಿಂದೆ ಕುಳಿತವರಿಗೂ ಕಾಣಬೇಕು.